ಬೀರುವಿನೊಳಗಿನ ಸೂಕ್ಷ್ಮದರ್ಶಕ

ಜೀವಶಾಸ್ತ್ರದ ತರಗತಿಯ ಈ ದೃಶ್ಯವನ್ನು ವಾಚಕರಲ್ಲಿ ಅನೇಕರು ಬಲ್ಲರು. ಮೇಜಿನ ಮೇಲೆ ಒಂದು ಸಂಯುಕ್ತ ಸೂಕ್ಷ್ಮದರ್ಶಕ. ಅದರ ಮುಂದೆ ಐವತ್ತು ವಿದ್ಯಾರ್ಥಿಗಳ ಸಾಲು. ಉಪಾಧ್ಯಾಯರು ಈರುಳ್ಳಿಯ ಪೊರೆಯನ್ನು ತಾವೇ ಇಟ್ಟು, ತಾವೇ ಹೊಂದಿಸಿ, “ಕೈ ಹಿಂದೆ ಕಟ್ಟಿಕೊಂಡು ನೋಡಿ, ಏನನ್ನೂ ಮುಟ್ಟಬೇಡಿ” ಎಂದು ಅಪ್ಪಣೆ ಮಾಡಿರುತ್ತಾರೆ. ಒಬ್ಬೊಬ್ಬರಿಗೆ ಅರ್ಧ ನಿಮಿಷ. ಕೆಲವರಿಗೆ ಜೀವಕೋಶ ಕಾಣುತ್ತದೆ. ಇನ್ನು ಕೆಲವರು ತಮ್ಮ ರೆಪ್ಪೆಯ ಕೂದಲನ್ನೇ ಕಂಡು, ಹಾಗೆಂದು ಹೇಳಲು ನಾಚಿ, “ಕಂಡಿತು ಸಾರ್” ಎಂದು ಮುಂದೆ ಸರಿಯುತ್ತಾರೆ. ನಾನು ಈ ಎರಡನೆಯ ಗುಂಪಿನವನು.

ಗಂಟೆ ಬಾರಿಸಿದೊಡನೆ ಉಪಕರಣವು ಬೀರುವನ್ನು ಸೇರುತ್ತದೆ, ಬೀಗ ಬೀಳುತ್ತದೆ. ಇದಕ್ಕೆ ಸುರಕ್ಷತೆಯೆಂದು ಹೆಸರಿಟ್ಟಿದ್ದೇವೆ. ಆ ಹೆಸರು ಇದಕ್ಕೆ ಸಲ್ಲದೆಂದು ನನ್ನ ಅಭಿಪ್ರಾಯ.

ಬೀರುವಿನ ಮಾತನ್ನೇ ಮೊದಲು ನೋಡೋಣ. ನಮ್ಮ ಕರಾವಳಿಯಲ್ಲೂ ಮಲೆನಾಡಿನಲ್ಲೂ ಮಳೆಗಾಲದ ತೇವ ಎಂಥದೆಂದು ಹೇಳಬೇಕಾದುದಿಲ್ಲ. ಕತ್ತಲೆ, ತೇವ, ಅಲುಗದ ಗಾಳಿ ಈ ಮೂರೂ ಕೂಡಿದಲ್ಲಿ ಮಸೂರದ ಮೇಲೆ ಬೂಷ್ಟು ಹಬ್ಬುತ್ತದೆ. ಜೇಡನ ಬಲೆಯಂತೆ ಕಾಣುವ ಆ ಎಳೆಗಳು ಆಮ್ಲವನ್ನು ಸ್ರವಿಸಿ ಗಾಜಿನ ನುಣುಪನ್ನು ಕೊರೆದುಬಿಟ್ಟರೆ, ಆಮೇಲೆ ಎಷ್ಟು ಒರೆಸಿದರೂ ಹಿಂದಿನ ಸ್ಪಷ್ಟತೆ ಬಾರದು. ಜೊತೆಗಿಟ್ಟ ಸಿಲಿಕಾ ಜೆಲ್ಲಿನ ಹರಳುಗಳನ್ನು ಆಗಾಗ ಒಣಗಿಸದಿದ್ದರೆ ಅವು ಇದ್ದೂ ಇಲ್ಲದಂತೆಯೇ. ದಿನವೂ ಬಳಕೆಯಲ್ಲಿದ್ದು ಗಾಳಿ ಬೆಳಕು ಕಾಣುವ ಮಸೂರಕ್ಕೆ ಈ ರೋಗ ಕಡಮೆ. ಮಕ್ಕಳ ಕೈಗೆ ಹೆದರಿ ಒಳಗಿಟ್ಟುದನ್ನು ಬೂಷ್ಟು ತಿನ್ನುತ್ತದೆ!

ಮಕ್ಕಳ ಕೈಯಿಂದ ಹಾನಿಯಾಗುವುದೇ ಇಲ್ಲವೆ? ಆಗುತ್ತದೆ, ಆದರೆ ಬಹುತೇಕ ಒಂದೇ ಬಗೆಯಲ್ಲಿ. ಹತ್ತರ ನೇತ್ರಮಸೂರಕ್ಕೆ ನಲವತ್ತರ ವಸ್ತುಮಸೂರ ಸೇರಿದರೆ ವಸ್ತು 400 ಪಟ್ಟು ದೊಡ್ಡದಾಗಿ ಕಾಣುವುದಷ್ಟೆ. ಆಗ ಸ್ಲೈಡಿನ ಮೇಲಣ ಕವರ್ ಸ್ಲಿಪ್ಪಿಗೂ ಮಸೂರಕ್ಕೂ ನಡುವೆ ಉಳಿಯುವ ಎಡೆ ಸುಮಾರು ಅರ್ಧ ಮಿಲಿಮೀಟರು. ಕವರ್ ಸ್ಲಿಪ್ಪೋ 0.17 ಮಿಲಿಮೀಟರಿನಷ್ಟು ತೆಳುವಾದ ಗಾಜು. ಕಣ್ಣನ್ನು ಮೇಲಿಟ್ಟುಕೊಂಡು ದೊಡ್ಡ ತಿರುಪನ್ನು ಕುರುಡಾಗಿ ತಿರುಗಿಸಿದರೆ ಆಗುವುದನ್ನು ಊಹಿಸಬಹುದು. ಇದನ್ನು ತಿಳಿದ ಹುಡುಗಿ ನಿಯಮವನ್ನು ತಾನೇ ಕಟ್ಟಿಕೊಳ್ಳುತ್ತಾಳೆ: ಮೊದಲು ಕಡಮೆ ಶಕ್ತಿಯ ಮಸೂರ, ಪಕ್ಕದಿಂದ ನೋಡುತ್ತ ಹತ್ತಿರ ತರುವುದು, ಕಣ್ಣಿಟ್ಟ ಮೇಲೆ ದೂರ ಸರಿಸುವುದು ಮಾತ್ರ, ದೊಡ್ಡ ಶಕ್ತಿಯಲ್ಲಿ ಸಣ್ಣ ತಿರುಪನ್ನಲ್ಲದೆ ಬೇರೆಯದನ್ನು ಮುಟ್ಟದಿರುವುದು. ಒಯ್ಯುವಾಗ ಒಂದು ಕೈ ಹಿಡಿಯ ಮೇಲೆ, ಇನ್ನೊಂದು ಪೀಠದ ಕೆಳಗೆ. ಒರೆಸಲು ಮಸೂರದ ಕಾಗದ. ಸೆರಗಿನ ಧೂಳು ಗಾಜನ್ನು ಗೀರುತ್ತದೆ.

ನೋಡುವವರಿಗೆ ಒದಗುವ ಅಪಾಯಗಳನ್ನು ಮಾತ್ರ ಕಟ್ಟುನಿಟ್ಟಾಗಿ ತಡೆಯಬೇಕು. ಕನ್ನಡಿಯುಳ್ಳ ಸೂಕ್ಷ್ಮದರ್ಶಕವನ್ನು ನೇರ ಬಿಸಿಲಿಗೆ ಎಂದೂ ತಿರುಗಿಸಕೂಡದು, ಕಣ್ಣಿಗೇ ಕೇಡು. ಒಡೆದ ಗಾಜನ್ನು ಬೆರಳಿನಿಂದ ಆಯಕೂಡದು. ರಕ್ತವನ್ನು ನೋಡುವ ಉತ್ಸಾಹದಲ್ಲಿ ಒಂದೇ ಸೂಜಿಯನ್ನು ಹಲವರಿಗೆ ಚುಚ್ಚುವುದಂತೂ ಅಕ್ಷಮ್ಯ. ಕಾಮಾಲೆಯ ವೈರಸ್ಸೂ ಎಚ್.ಐ.ವಿ.ಯೂ ಹಾಗೆ ಹರಡಬಲ್ಲವು. ಸ್ಪಿರಿಟ್ಟಿನಿಂದ ಒರೆಸಿದರೆ ಸಾಲದು. ಸಿದ್ಧ ಸ್ಲೈಡು ದೊರೆಯುವಾಗ ಆ ಸಾಹಸವೇಕೆ?

ಉಪಾಧ್ಯಾಯರ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಮುರಿದುದಕ್ಕೆ ಲೆಕ್ಕ ಒಪ್ಪಿಸಬೇಕಾದವರು ಅವರು. ಆಡಳಿತದವರು ಕವರ್ ಸ್ಲಿಪ್ಪನ್ನು ಸೀಮೆಸುಣ್ಣದಂತೆ ಮುಗಿಯುವ ವಸ್ತುವೆಂದೆಣಿಸಿದರೆ ಅರ್ಧ ಭಯ ನೀಗೀತು. ಐವತ್ತು ಮಂದಿ ಒಂದೇ ದಿನ ನೋಡಲೇಬೇಕೆಂಬ ಹಟವೂ ಬೇಡ. ದಿನಕ್ಕೆ ಐವರಂತೆ ಸರದಿ ಇಟ್ಟರೆ ಪ್ರತಿಯೊಬ್ಬರೂ ತಾವೇ ಹೊಂದಿಸಿ ನೋಡಬಹುದು. 1665ರಲ್ಲಿ ಬೆಂಡಿನ ಕೋಶಗಳ ಚಿತ್ರವನ್ನು ಪ್ರಕಟಿಸಿದ ರಾಬರ್ಟ್ ಹೂಕ್, ಬೆಳಕು ಸಾಲದೆಂದು ದೀಪದ ಮುಂದೆ ನೀರು ತುಂಬಿದ ಗಾಜಿನ ಬುರುಡೆಯನ್ನಿಟ್ಟು ಬೆಳಕನ್ನು ಕೂಡಿಸಿಕೊಂಡವನು. ಕೈ ಕಟ್ಟಿಕೊಂಡು ನಿಂತಿದ್ದರೆ ಅವನಿಗೂ ರೆಪ್ಪೆಯ ಕೂದಲೇ ಕಾಣುತ್ತಿತ್ತೋ ಏನೋ!

ಸ್ವತಂತ್ರವಾಗಿ ಹೊಂದಿಸಿದ ವಿದ್ಯಾರ್ಥಿಗೆ ಮೊದಲು ಸಿಕ್ಕುವುದು ಸಾಮಾನ್ಯವಾಗಿ ಕಪ್ಪು ಅಂಚಿನ ಗಾಳಿಗುಳ್ಳೆ. ಅದನ್ನೇ ಜೀವಕೋಶವೆಂದು ಸಂಭ್ರಮದಿಂದ ಬರೆದುಕೊಳ್ಳಲಿ. ಮುಂದಿನ ವಾರ ಕವರ್ ಸ್ಲಿಪ್ಪನ್ನು ಓರೆಯಾಗಿ ಹಿಡಿದು ಮೆಲ್ಲನೆ ಇಳಿಬಿಡುವುದನ್ನು ಕಲಿತಿರುತ್ತಾನೆ.