ಊರು ಚದುರಬಾರದು: ಹಾಸನ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಕಾಡಾನೆಗಳ ಕಾಟ ತಾಳಲಾರದೆ, ನ್ಯಾಯವಾದ ಪರಿಹಾರ ಕೊಟ್ಟರೆ ಮನೆ-ಜಮೀನು ಬಿಟ್ಟು ಹೋಗಲು ಸಿದ್ಧ ಎಂದು ಹೆತ್ತೂರು ಭಾಗದ ಕೆಲವು ಹಳ್ಳಿಗಳವರು ಹೇಳುತ್ತ ಬಂದು ವರ್ಷಗಳಾದವು. ಹೈಕೋರ್ಟಿನ ಸೂಚನೆಯ ಮೇರೆಗೆ ರಚನೆಯಾದ, ಪ್ರೊ. ರಾಮನ್ ಸುಕುಮಾರ್ ಅಧ್ಯಕ್ಷತೆಯ ಆನೆ ಕಾರ್ಯಪಡೆ 2012ರಲ್ಲಿ ಕೊಟ್ಟ ವರದಿಯಲ್ಲಿ ಆಲೂರು-ಸಕಲೇಶಪುರ ಭಾಗದಿಂದ ಆನೆಗಳನ್ನು ಹಿಡಿದು ಸಾಗಿಸಬೇಕೆಂಬ ಸಲಹೆ ಇತ್ತು. 2014ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದದ್ದೂ ಆಯಿತು. ಆದರೂ ಬೆಳಗೋಡು, ಪಾಳ್ಯ, ಹೆತ್ತೂರು ಕಡೆಯ ಕಾಫಿ ತೋಟ, ಗದ್ದೆಗಳಲ್ಲಿ ಆನೆ ಓಡಾಟ ನಿಂತಿಲ್ಲ, ಜೀವ ಹೋಗುವುದೂ ನಿಂತಿಲ್ಲ. ಹಾಗಾಗಿ ಸ್ಥಳಾಂತರದ ಕಡತ ಇಂದಲ್ಲ ನಾಳೆ ತಮ್ಮ ಮೇಜಿಗೆ ಬಂದೇ ಬರುತ್ತದೆ. ಜನರನ್ನು ಎಬ್ಬಿಸಬೇಕೇ ಬೇಡವೇ ಎಂಬ ತೀರ್ಮಾನ ಆ ಹಳ್ಳಿಗಳ ಗ್ರಾಮಸಭೆಗೆ ಸೇರಿದ್ದು. ಅದನ್ನು ಈ ಪತ್ರ ಚರ್ಚಿಸುವುದಿಲ್ಲ. ಎಬ್ಬಿಸುವುದೇ ಆದರೆ ಹೇಗೆ, ಯಾರನ್ನು ಜೊತೆಗಿಟ್ಟುಕೊಂಡು ಎಂಬುದಷ್ಟೇ ನನ್ನ ವಿಷಯ. ನನ್ನ ವಾದ ಇಷ್ಟು: ಪುನರ್ವಸತಿಯನ್ನು ಒಬ್ಬೊಬ್ಬ ಖಾತೆದಾರನ ಲೆಕ್ಕದಲ್ಲಿ ಮಾಡಬಾರದು, ಊರಿನ ಲೆಕ್ಕದಲ್ಲಿ ಮಾಡಬೇಕು. ಹೋಗುವ ಊರಿನವರಿಗೂ ಅವರನ್ನು ಬರಮಾಡಿಕೊಳ್ಳುವ ಊರಿನವರಿಗೂ ಆ ಕೆಲಸದಲ್ಲಿ ಅಧಿಕೃತ ಸ್ಥಾನ ಇರಬೇಕು.

ಇದಕ್ಕೆ ಮೊದಲ ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಇದೆ. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು. ಸುಮಾರು 37 ಟಿಎಂಸಿ ನೀರು ನಿಲ್ಲುವ ಆ ಜಲಾಶಯ ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗಳಿಗೆ ಜೀವ ಕೊಟ್ಟಿದೆ. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆ ನೀರಿಗಾಗಿ ಹಳ್ಳಿ ಬಿಟ್ಟವರ ನೆನಪು ಮಾತ್ರ ನಮ್ಮ ಸಾರ್ವಜನಿಕ ಮಾತುಕತೆಯಲ್ಲಿ ಒಂದೇ ಒಂದು ಕಟ್ಟಡಕ್ಕೆ ಇಳಿದುಬಿಟ್ಟಿದೆ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಶೆಟ್ಟಿಹಳ್ಳಿಯ ರೋಸರಿ ಚರ್ಚು ಮಳೆಗಾಲದಲ್ಲಿ ಹಿನ್ನೀರಿನಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ರಾಜ್ಯದ ಮೂಲೆಮೂಲೆಯಿಂದ ಜನ ಬಂದು ಅದರ ಪಾಳುಗೋಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಗೋಡೆಗಳ ನಡುವೆ ಮದುವೆಯಾದವರ, ನಾಮಕರಣ ಮಾಡಿಸಿಕೊಂಡವರ ಮಕ್ಕಳು ಈಗ ಎಲ್ಲಿದ್ದಾರೆ ಎಂದು ಕೇಳುವವರು ಕಡಿಮೆ. ಆಗ ಇದ್ದದ್ದು 1894ರ ಭೂಸ್ವಾಧೀನ ಕಾಯ್ದೆ. ಅದಕ್ಕೆ ಕಣ್ಣಿಗೆ ಬೀಳುತ್ತಿದ್ದದ್ದು ಜಮೀನು, ಮನೆ, ಮರ. ಅವುಗಳ ಬೆಲೆ ಕಟ್ಟಿ ಕೈಗೆ ಕೊಟ್ಟರೆ ಅದರ ಕೆಲಸ ಮುಗಿಯಿತು. ಗದ್ದೆ ನಾಟಿಗೆ ಮುಯ್ಯಾಳು ಬರುತ್ತಿದ್ದ ನೆರೆಮನೆ, ಬಾಣಂತನಕ್ಕೆ ಓಡಿಬರುತ್ತಿದ್ದ ಕೇರಿ, ಸಾಲ ಕೊಡುತ್ತಿದ್ದ ಅಂಗಡಿ ಇವಕ್ಕೆ ಅದರಲ್ಲಿ ಕಲಮು ಇರಲಿಲ್ಲ. ಬದಲಿ ಜಮೀನು ಎಲ್ಲಿ ಖಾಲಿ ಕಂಡಿತೋ ಅಲ್ಲಿ ಮಂಜೂರಾಯಿತು. ಆ ಜಮೀನಿನಲ್ಲಿ ಎಷ್ಟೋ ಪಾಲು ಕಾಡಿನ ಅಂಚಿನದು, ಅಂದರೆ ಈಗ ಆನೆ ನಡೆಯುವ ಜಾಗ. ಒಂದು ತಲೆಮಾರು ನೀರಿಗಾಗಿ ಎದ್ದಿತು. ಅದೇ ಮನೆತನಗಳ ಮುಂದಿನ ತಲೆಮಾರು ಆನೆಗಾಗಿ ಏಳಬೇಕಾಗಿ ಬಂದರೆ ಅದು ಈ ಜಿಲ್ಲೆಯ ಆಡಳಿತಕ್ಕೆ ಗೌರವ ತರುವ ಸಂಗತಿಯಲ್ಲ.

ಮುಳುಗಡೆ ಸಂತ್ರಸ್ತರ ಕಾಗದಗಳನ್ನೇ ನೋಡೋಣ. ಮಂಜೂರಾತಿ ಆದೇಶ ಇರುತ್ತದೆ, ಸಾಗುವಳಿ ಚೀಟಿ ಇರುತ್ತದೆ. ಆದರೆ ಪೋಡಿ, ಅಂದರೆ ಒಬ್ಬೊಬ್ಬರ ಪಾಲನ್ನು ಅಳೆದು ಬೇರ್ಪಡಿಸುವ ಕೆಲಸ, ಆಗದ ಕಡೆ ದೊಡ್ಡದೊಂದು ಸರ್ವೆ ನಂಬರಿನ ಪಹಣಿಯ ಒಂಬತ್ತನೇ ಕಲಮಿನಲ್ಲಿ ಹತ್ತಾರು ಹೆಸರು ಒಂದರ ಕೆಳಗೊಂದು ಬರುತ್ತವೆ. ಯಾರ ಎರಡು ಎಕರೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬ ನಕ್ಷೆ ಇರುವುದಿಲ್ಲ. ಮೂಲ ಮಂಜೂರಾತಿ ಕಡತ ಸಿಗದಿದ್ದರೆ ದುರಸ್ತಿ ಅಲ್ಲೇ ನಿಲ್ಲುತ್ತದೆ. ದುರಸ್ತಿ ಆಗದಿದ್ದರೆ ಬ್ಯಾಂಕಿನವರು ಸಾಲ ಕೊಡಲು ಹಿಂದೆಮುಂದೆ ನೋಡುತ್ತಾರೆ, ಅಣ್ಣತಮ್ಮಂದಿರ ನಡುವೆ ವಿಭಾಗ ಆಗುವುದಿಲ್ಲ. ಅದರ ಮೇಲೆ ಅರಣ್ಯ ಇಲಾಖೆಯ ಸೆಕ್ಷನ್ 4 ಅಧಿಸೂಚನೆಯೋ ಡೀಮ್ಡ್ ಅರಣ್ಯದ ಪಟ್ಟಿಯೋ ಬಂದು ಕೂತರೆ, ಸರ್ಕಾರವೇ ಕೂರಿಸಿದ ಜಾಗದಲ್ಲಿ ಸರ್ಕಾರದ ಇನ್ನೊಂದು ಇಲಾಖೆಯ ಕಣ್ಣಿಗೆ ಆತ ಒತ್ತುವರಿದಾರ. ಶರಾವತಿ ಮುಳುಗಡೆಯವರ ಕಥೆ ಇದಕ್ಕಿಂತ ಹಳೆಯದು. ಅವರಿಗಾಗಿ ಅರಣ್ಯ ಜಮೀನನ್ನು ಡಿನೋಟಿಫೈ ಮಾಡಿದ ರಾಜ್ಯ ಸರ್ಕಾರದ ಆದೇಶ, ಕೇಂದ್ರದ ಪೂರ್ವಾನುಮತಿ ಪಡೆದಿಲ್ಲವೆಂಬ ಕಾರಣಕ್ಕೆ 2021ರಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋಯಿತು. ಇಂಥ ತೊಡಕನ್ನು ಒಬ್ಬೊಬ್ಬನೇ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆದು ಬಿಡಿಸಲಾರ. ಒಂದೇ ಊರಿನವರು ಒಂದೇ ಕಡೆ ಇದ್ದಿದ್ದರೆ ಒಟ್ಟಾಗಿ ಕೇಳುವ ಶಕ್ತಿಯಾದರೂ ಇರುತ್ತಿತ್ತು. ಚದುರಿಸಿದ್ದರಿಂದ ಹೋದದ್ದು ನೆರೆಹೊರೆ ಮಾತ್ರವಲ್ಲ, ಹಕ್ಕು ಕೇಳುವ ದನಿಯೂ ಹೋಯಿತು.

ಬೇರೆ ರೀತಿ ಸಾಧ್ಯ ಎನ್ನುವುದಕ್ಕೆ ಪಕ್ಕದ ಚಿಕ್ಕಮಗಳೂರು ಜಿಲ್ಲೆ ಸಾಕು. ಭದ್ರಾ ಅಭಯಾರಣ್ಯದೊಳಗಿನ 11 ಹಳ್ಳಿಗಳ 419 ಕುಟುಂಬಗಳು 2001-02ರಲ್ಲಿ ತರೀಕೆರೆ ಕಡೆಯ ಎಂ.ಸಿ. ಹಳ್ಳಿಗೂ ಮೂಡಿಗೆರೆ ಕಡೆಯ ಕೆಳಗೂರಿಗೂ ಹೋದವು. ವಿಜ್ಞಾನಿ ಕೃತಿ ಕಾರಂತ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಾತಾಡಿಸಿದ ಕುಟುಂಬಗಳಲ್ಲಿ ಹತ್ತಕ್ಕೆ ಏಳರಷ್ಟು ತಮ್ಮ ಹೊಸ ಬದುಕಿನ ಬಗ್ಗೆ ಸಮಾಧಾನ ಹೇಳಿದವು. ಈ ದೇಶದಲ್ಲಿ ಅರಣ್ಯದಿಂದ ಎದ್ದವರ ವಿಚಾರದಲ್ಲಿ ಇಂಥ ಮಾತು ಕೇಳುವುದು ಅಪರೂಪ. ಅಲ್ಲಿ ಕಂದಾಯ ಇಲಾಖೆ, ಅರಣ್ಯ ಇಲಾಖೆಗಳ ಜೊತೆಗೆ ಸ್ಥಳೀಯ ಸ್ವಯಂಸೇವಕರು ಕೈಜೋಡಿಸಿದ್ದರು; ಹಳ್ಳಿಯವರಿಗೂ ಕಚೇರಿಗೂ ನಡುವೆ ವರ್ಷಗಟ್ಟಲೆ ಓಡಾಡಿದವರು ಅವರು. ಎಲ್ಲವೂ ಸರಿಹೋಯಿತೆಂದು ನಾನು ಹೇಳುತ್ತಿಲ್ಲ. ಆದರೆ ನಾಗರಹೊಳೆಯ ಜೊತೆ ಹೋಲಿಸಿದರೆ ಅಂತರ ಎದ್ದು ಕಾಣುತ್ತದೆ: ಅಲ್ಲಿಂದ ಹೊರಬಿದ್ದ 3,418 ಆದಿವಾಸಿ ಕುಟುಂಬಗಳಿಗೆ ಪುನರ್ವಸತಿ ಆಗಬೇಕೆಂದು ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ ಗುರುತಿಸಿತು.

ಬೈಲುಕುಪ್ಪೆಯನ್ನೂ ನೆನೆಯಬೇಕು. ಆಗಿನ ಮೈಸೂರು ರಾಜ್ಯ 1960ರಲ್ಲಿ ಟಿಬೆಟಿನ ನಿರಾಶ್ರಿತರಿಗೆ ಸುಮಾರು 3,000 ಎಕರೆ ಕೊಟ್ಟಿತು. ಅವರಿಗೆ ಅದು ಗುತ್ತಿಗೆಯ ನೆಲ, ಸ್ವಂತದ್ದಲ್ಲ. ಆದರೂ ಶಾಲೆ, ಆಸ್ಪತ್ರೆ, ಸಹಕಾರ ಸಂಘ ಎಲ್ಲ ಅವರೇ ಕಟ್ಟಿಕೊಂಡರು. ಏಕೆಂದರೆ ಅವರನ್ನು ಕ್ಯಾಂಪು ಕ್ಯಾಂಪಾಗಿ ಒಟ್ಟಿಗೆ ಕೂರಿಸಲಾಯಿತು. ದೇಶ ಬಿಟ್ಟು ಬಂದವರಿಗೆ ಕರ್ನಾಟಕ ತೋರಿದ ಈ ವಿವೇಕವನ್ನು ತನ್ನದೇ ನೆಲದಲ್ಲಿ ಊರು ಕಳೆದುಕೊಂಡವರಿಗೆ ತೋರಲಿಲ್ಲ ಎಂಬುದು ನನ್ನನ್ನು ಬಹಳ ನೋಯಿಸುವ ಸಂಗತಿ.

ದೂರದ ಅರ್ಮೇನಿಯಾ ಇನ್ನೊಂದು ಪಾಠ ಹೇಳುತ್ತದೆ. 2023ರ ಸೆಪ್ಟೆಂಬರ್ ಕೊನೆಯಲ್ಲಿ ಒಂದೇ ವಾರದೊಳಗೆ ನಾಗೋರ್ನೊ-ಕರಬಾಖ್‌ನ ಒಂದು ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ನರು ಮನೆ ಬಿಟ್ಟು ಲಾಚಿನ್ ದಾರಿಯಲ್ಲಿ ಬಂದರು. ಅವರಲ್ಲಿ ಮಕ್ಕಳೇ ಹತ್ತಿರಹತ್ತಿರ ಮೂರರಲ್ಲೊಂದು ಪಾಲು. ಮೊದಲು ಬಂದು ತಲುಪಿದ್ದು ಗೋರಿಸ್ ಎಂಬ ಪಟ್ಟಣಕ್ಕೆ. ಅದರ ಜನಸಂಖ್ಯೆಯೇ ಇಪ್ಪತ್ತು ಸಾವಿರದ ಆಸುಪಾಸು, ನಮ್ಮ ಸಕಲೇಶಪುರ ಪಟ್ಟಣದಷ್ಟು. ಅಲ್ಲಿನವರು ಮನೆ, ಹೋಟೆಲು ತೆರೆದರು, ಅಡುಗೆ ಮಾಡಿ ಬಡಿಸಿದರು, ಬಟ್ಟೆಬರೆ ಹಂಚಿದರು. ಸರ್ಕಾರವೂ ಕೈಕಟ್ಟಿ ಕೂರಲಿಲ್ಲ. ತಲೆಗೆ ಒಂದು ಲಕ್ಷ ಡ್ರಾಮ್ ಒಂದೇ ಸಲಕ್ಕೆ, ಬಾಡಿಗೆಗೆಂದು ತಿಂಗಳಿಗೊಂದಿಷ್ಟು ಕೊಟ್ಟಿತು. ನಾನು ಗಮನಿಸುವುದು ಆ ಎರಡರ ನಡುವಿನ ಹೊಂದಾಣಿಕೆಯನ್ನು. ಮೊದಲ ದಿನದ ಅನ್ನ, ಹೊದಿಕೆ, ಹೆದರಿದ ಮಗುವಿಗೆ ಒಂದು ಸಮಾಧಾನದ ಮಾತು ಇವು ಜನರಿಂದ ಬೇಗ ಬರುತ್ತವೆ. ಬಾಡಿಗೆ, ಮನೆ, ನೌಕರಿ ಜನರ ಕೈಮೀರಿದವು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡ ಕುಸಿದಾಗ ನಾವೇ ಇದನ್ನು ಕಂಡೆವು. ಸಮುದಾಯ ಭವನ, ದೇವಸ್ಥಾನ, ಮಸೀದಿ, ಚರ್ಚುಗಳು ಆಶ್ರಯ ಕೊಟ್ಟವು, ರಾಜ್ಯದ ಎಲ್ಲೆಡೆಯಿಂದ ಅಕ್ಕಿ, ಕಂಬಳಿ ಹರಿದುಬಂದವು. ಆದರೆ ಸಂತ್ರಸ್ತರಿಗೆ ಜಂಬೂರಿನಲ್ಲಿ ಕಟ್ಟಿದ ಹೊಸ ಮನೆಗಳ ಕೀಲಿಕೈ ಸಿಕ್ಕಿದ್ದು 2020ರ ಜೂನ್‌ನಲ್ಲಿ. ನಡುವಿನ ಸುಮಾರು ಎರಡು ವರ್ಷ ಸುದ್ದಿ ತಣ್ಣಗಾಗಿತ್ತು, ಲಾರಿಗಳು ನಿಂತಿದ್ದವು. ನೆರೆಯವರ ಆಸರೆ ನಿಜವಾಗಿ ಬೇಕಾಗುವುದು ಅಂಥ ನಡುವಿನ ಕಾಲದಲ್ಲಿ. ಅದಕ್ಕೇ ಅದನ್ನು ಆ ಹೊತ್ತಿನ ಹುಮ್ಮಸ್ಸಿಗೆ ಬಿಡದೆ ಒಂದು ವ್ಯವಸ್ಥೆಯೊಳಗೆ ತರಬೇಕೆಂದು ಕೇಳುತ್ತಿದ್ದೇನೆ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತಿವೆ. ಸಂಘ-ಸಂಸ್ಥೆಗಳಿಗೆ ಜಾಗ ಕೊಟ್ಟರೆ ಸರ್ಕಾರ ತನ್ನ ಹೊಣೆ ಅವರ ಹೆಗಲಿಗೆ ಹಾಕಿ ಕೈತೊಳೆದುಕೊಳ್ಳುತ್ತದೆ ಎನ್ನುವವರಿದ್ದಾರೆ. ಆ ಭಯ ಸುಳ್ಳಲ್ಲ. ಆದರೆ ನಾನು ಕೇಳುತ್ತಿರುವುದು ಹೊಣೆಯ ವರ್ಗಾವಣೆಯನ್ನಲ್ಲ. 2013ರ ಭೂಸ್ವಾಧೀನ ಕಾಯ್ದೆಯ 45ನೇ ಕಲಮಿನ ಪ್ರಕಾರ, ನೂರು ಎಕರೆ ಅಥವಾ ಅದಕ್ಕಿಂತ ಹೆಚ್ಚು ಜಮೀನಿನ ಯೋಜನೆಗೆ ಪುನರ್ವಸತಿ ಸಮಿತಿ ಇರಬೇಕು, ಅದರಲ್ಲಿ ಬಾಧಿತ ಪ್ರದೇಶದ ಮಹಿಳೆಯರ, ಪರಿಶಿಷ್ಟರ, ಸ್ವಯಂಸೇವಾ ಸಂಸ್ಥೆಯ ಪ್ರತಿನಿಧಿಗಳು ಕೂರಬೇಕು. ಅದೇ ಕಾಯ್ದೆಯ ಮೂರನೇ ಅನುಸೂಚಿ ಹೊಸ ಊರಿನಲ್ಲಿ ರಸ್ತೆ, ಕುಡಿಯುವ ನೀರು, ಶಾಲೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಗೋಮಾಳ, ಸ್ಮಶಾನ ಇರಬೇಕೆಂದು ಪಟ್ಟಿ ಕೊಡುತ್ತದೆ. ತಾವಾಗಿಯೇ ಜಮೀನು ಬಿಟ್ಟುಕೊಡುವವರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಯಾವುದಾದರೂ ಕಚೇರಿ ವಾದಿಸಬಹುದು. ಆದರೂ ಜಿಲ್ಲಾಧಿಕಾರಿ ಅದೇ ಅಳತೆಯನ್ನು ಒಪ್ಪಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಮುಳುಗಡೆ ಸಂತ್ರಸ್ತರ ಹೆಸರಿನಲ್ಲಿ ಅನರ್ಹರಿಗೆ ಜಮೀನು ಮಂಜೂರಾದ ದೂರುಗಳ ಮೇಲೆ ಜಿಲ್ಲಾಡಳಿತವೇ ತನಿಖೆ ನಡೆಸಬೇಕಾಯಿತು. ಊರಿನವರನ್ನು ಒಳಗೆ ಬಿಟ್ಟರೆ ಮಧ್ಯವರ್ತಿಗಳೂ ಬರುತ್ತಾರೆ, ಜಾತಿ, ಪಕ್ಷ ನೋಡಿ ಪಟ್ಟಿ ಆಗುತ್ತದೆ ಎಂಬ ಅನುಮಾನ ಸಹಜ. ಆದರೆ ಅನರ್ಹರ ಹೆಸರು ನುಸುಳುವುದು ಎಲ್ಲಿ? ಯಾರೂ ಯಾರನ್ನೂ ಗುರುತಿಸದ ಕಚೇರಿಯ ಕತ್ತಲಲ್ಲಿ. ಮುಳುಗಿದ ಊರಿನಲ್ಲಿ ಯಾರ ಮನೆ ಯಾವ ಬೀದಿಯಲ್ಲಿತ್ತು, ಯಾರ ಗದ್ದೆ ಯಾವ ಹಳ್ಳದ ಪಕ್ಕ ಇತ್ತು ಎಂಬುದನ್ನು ಆ ಊರಿನ ಹಿರಿಯರು ಇವತ್ತಿಗೂ ಹೇಳಬಲ್ಲರು. ಫಲಾನುಭವಿಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ಅಕ್ಕಪಕ್ಕದವರ ಸಹಿ ಹಾಕಿಸಿ ಮಹಜರು ಬರೆಸಿದರೆ ಸುಳ್ಳು ಹೆಸರು ಉಳಿಯುವುದು ಕಷ್ಟ. ಜಾತಿಯ ಪಕ್ಷಪಾತಕ್ಕೂ ಔಷಧಿ ಗುಟ್ಟಿನಲ್ಲಿಲ್ಲ, ಎಲ್ಲರೂ ಕೇಳುವಂತೆ ಓದುವುದರಲ್ಲಿದೆ. ಒಂದೇ ಕಡೆ ಅಷ್ಟು ಜಮೀನು ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗೆ ನನ್ನ ಬಳಿ ಸುಲಭದ ಉತ್ತರವಿಲ್ಲ. ಇಡೀ ಊರಿಗೆ ಒಂದೇ ಕಡೆ ಸಿಗದಿದ್ದರೆ ಕೇರಿ ಕೇರಿಯಾಗಿಯಾದರೂ ಕೂರಿಸಬಹುದು. ಆದರೆ ಒಬ್ಬೊಬ್ಬರನ್ನೇ ಒಂದೊಂದು ಮೂಲೆಗೆ ಎಸೆಯಬಾರದು.

ಮಕ್ಕಳ ವಿಷಯ ಕಾಯುವಂಥದ್ದಲ್ಲ. ಊರು ಬದಲಾದಾಗ ಎಲ್ಲಕ್ಕಿಂತ ಮೊದಲು ಕೊಂಡಿ ಕಳಚುವುದು ಶಾಲೆಯದು. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮು, ಟಿ.ಸಿ. ತಡವಾಯಿತೆಂಬ ಕಾರಣಕ್ಕೆ ಯಾವ ಮಗುವಿನ ದಾಖಲಾತಿಯನ್ನೂ ತಡೆಯಬಾರದು ಎನ್ನುತ್ತದೆ. ಆದರೆ ಆ ಕಲಮನ್ನು ಕೂಲಿಗೆ ಹೋಗುವ ತಾಯಿ ಶಾಲೆಯ ಬಾಗಿಲಲ್ಲಿ ನಿಂತು ಹೇಳಲಾರಳು; ಅವಳ ಜೊತೆ ಬರಮಾಡಿಕೊಳ್ಳುವ ಊರಿನ ಸ್ತ್ರೀಶಕ್ತಿ ಸಂಘದವರು ಇಬ್ಬರು ಹೋದರೆ ಹೇಳಬಲ್ಲರು. ಹೊಸ ಊರಿನಲ್ಲಿ ಎಸ್‌ಡಿಎಂಸಿ, ಹಾಲಿನ ಡೇರಿ, ಸ್ತ್ರೀಶಕ್ತಿ ಸಂಘ, ಬೆಳೆಗಾರರ ಸಂಘ, ಕಾರ್ಮಿಕರ ಸಂಘಗಳಿಂದ ಒಬ್ಬೊಬ್ಬರನ್ನು ಸೇರಿಸಿ ಒಂದು ಆಸರೆ ಸಮಿತಿ ಮಾಡಿ. ಅದಕ್ಕೆ ಹಣದ ಅಧಿಕಾರ ಬೇಡ. ತಹಶೀಲ್ದಾರರ ಮುಂದೆ ತಿಂಗಳಿಗೊಮ್ಮೆ ಕೂತು, ಬಂದ ಪ್ರತಿ ಕುಟುಂಬದ ಪಡಿತರ, ಶಾಲೆ, ಪಹಣಿ ಎಲ್ಲಿಗೆ ಬಂತು ಎಂದು ಕೇಳಿ ಲಿಖಿತ ಉತ್ತರ ಪಡೆಯುವ ಅಧಿಕಾರ ಸಾಕು.

ಇದಕ್ಕಾಗಿ ಹೊಸ ಸ್ಥಳಾಂತರದ ಆದೇಶ ಬರುವತನಕ ಕಾಯಬೇಕಿಲ್ಲ. ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲಿ ಹೇಮಾವತಿ ಮುಳುಗಡೆಯವರಿಗೆ ಜಮೀನು ಮಂಜೂರಾದ ಊರುಗಳಿಗೇ ಸರ್ವೆಯರ್, ಗ್ರಾಮ ಆಡಳಿತಾಧಿಕಾರಿ, ವಲಯ ಅರಣ್ಯಾಧಿಕಾರಿ ಮೂವರೂ ಒಂದೇ ದಿನ, ಒಂದೇ ನಕ್ಷೆ ಹಿಡಿದು ಹೋಗುವಂತೆ ಆದೇಶ ಮಾಡಿ. ಪೋಡಿಯ ಕಡತವನ್ನು ಊರಿನವರ ಮುಂದೆಯೇ ತೆರೆಯಲಿ. ಬೆಳಗೋಡು ಹೋಬಳಿಯಿಂದಲೇ ಶುರು ಮಾಡಬಹುದು. ಮಳೆ ಬಿಟ್ಟ ಮೇಲೆ, ಕಾಫಿ ಕೊಯ್ಲು ಹಿಡಿಯುವ ಮೊದಲು ಆಗಬೇಕು. ಕೊಯ್ಲು ಶುರುವಾಯಿತೆಂದರೆ ದಿನಗೂಲಿಯವರು ಒಂದು ದಿನದ ಸಂಬಳ ಬಿಟ್ಟು ಸಭೆಗೆ ಬರಲಾರರು.

ತಮ್ಮ ವಿಶ್ವಾಸಿ,
ಬೆಳಗೋಡು ಹೋಬಳಿಯ ಒಬ್ಬ ನಿವಾಸಿ