ಜಪ್ತಿ ಬೇರೆ, ಮುಟ್ಟುಗೋಲು ಬೇರೆ



ಸಾಲದ ಬಾಕಿಗೆ ಬ್ಯಾಂಕಿನವರು ಟ್ರ್ಯಾಕ್ಟರ್ ಎಳೆದುಕೊಂಡು ಹೋದರೂ ನಾವು ಮುಟ್ಟುಗೋಲು ಅಂತೀವಿ, ಕ್ರಿಮಿನಲ್ ಕೇಸಿನಲ್ಲಿ ಕೋರ್ಟು ಕಿತ್ತುಕೊಂಡರೂ ಮುಟ್ಟುಗೋಲು ಅಂತೀವಿ. ಎರಡೂ ಒಂದಲ್ಲ. ಸಾಲಕ್ಕೆ ಆಗುವುದು ಜಪ್ತಿ. ಹರಾಜಾಗುವ ತನಕ ಒಡೆತನ ನಿಮ್ಮದೇ. ಬಾಕಿಗಿಂತ ಹೆಚ್ಚು ಬಂದರೆ ಉಳಿದ ದುಡ್ಡು ನಿಮಗೆ ಬರಬೇಕು (ಬರುತ್ತದೋ ಇಲ್ಲವೋ, ಅದು ಬೇರೆ ಪುರಾಣ). ಕೋರ್ಟು ಹಾಕಿದ ದಂಡ ಕಟ್ಟದಿದ್ದರೂ ಹೀಗೇ, ಭೂಕಂದಾಯದ ಬಾಕಿಯ ಹಾಗೆ ವಸೂಲು ಮಾಡಬಹುದು. ಮುಟ್ಟುಗೋಲಿನಲ್ಲಿ ಮಾತ್ರ ಒಡೆತನವೇ ಸರ್ಕಾರದ ಪಾಲು. ತಿರುಗಿ ಬರುವ ಚಿಲ್ಲರೆ ಇಲ್ಲ.

ಬ್ರಿಟಿಷರ 1860ರ ದಂಡ ಸಂಹಿತೆಯಲ್ಲಿ ಕೆಲವು ಅಪರಾಧಗಳಿಗೆ ಇಡೀ ಆಸ್ತಿಯನ್ನೇ ಕಿತ್ತುಕೊಳ್ಳುವ ಕಲಮುಗಳಿದ್ದವು. 1921ರಲ್ಲಿ ಅವನ್ನು ತೆಗೆದರು. 2024ರ ಜುಲೈ 1ರಂದು ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲೂ ಮುಟ್ಟುಗೋಲು ಒಂದು ಶಿಕ್ಷೆಯೇ. ಆದರೆ ಈಗ ಕೋರ್ಟು ಕೈ ಹಾಕುವುದು ಸಾಮಾನ್ಯವಾಗಿ ಅಪರಾಧದಿಂದ ಬಂದ ಆಸ್ತಿಗೆ, ಇಲ್ಲವೇ ಅಪರಾಧಕ್ಕೆ ಬಳಸಿದ ವಸ್ತುವಿಗೆ. ಅಪ್ಪ ಜೈಲಿಗೆ ಹೋದ ಅನ್ನುವ ಕಾರಣಕ್ಕೇ ಅಜ್ಜನ ಕಾಲದ ಹೊಲ ಹೋಗುವುದಿಲ್ಲ.

ಹಾಗಂತ ಇನ್ನೊಬ್ಬರ ಹೆಸರಿನಲ್ಲಿಟ್ಟರೆ ಬಚಾವು ಅಂದುಕೊಳ್ಳಬೇಡಿ. ನಮ್ಮ ಬೆಂಗಳೂರಿನಲ್ಲೇ ನಡೆದ ಜಯಲಲಿತಾ ಅವರ ಕೇಸು ನೋಡಿ. 2014ರ ಸೆಪ್ಟೆಂಬರ್ 27ರಂದು ವಿಶೇಷ ನ್ಯಾಯಾಲಯ 4 ವರ್ಷ ಜೈಲು, 100 ಕೋಟಿ ರೂಪಾಯಿ ದಂಡ ಹಾಕಿ, ಆಸ್ತಿಯನ್ನೂ ಮುಟ್ಟುಗೋಲು ಮಾಡಿತು. 2015ರಲ್ಲಿ ಹೈಕೋರ್ಟು ಬಿಡುಗಡೆ ಮಾಡಿತು. 2016ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು, ಹಾಗಾಗಿ ಅವರ ಮೇಲಿದ್ದ ಅಪೀಲು ಅಲ್ಲಿಗೇ ನಿಂತಿತು. ಕರ್ನಾಟಕ ಸರ್ಕಾರ ದಂಡದ ದುಡ್ಡು ಕೇಳಿದ್ದಕ್ಕೂ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಆಸ್ತಿ ಮಾತ್ರ ಉಳಿಯಲಿಲ್ಲ. ಆರು ಕಂಪನಿಗಳ ಹೆಸರಿನಲ್ಲಿದ್ದ ಜಮೀನಿನ ಮುಟ್ಟುಗೋಲನ್ನು 2017ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ವಾರಸುದಾರರು ಕೇಳಿದ್ದನ್ನು 2025ರ ಜನವರಿಯಲ್ಲಿ ನಮ್ಮ ಹೈಕೋರ್ಟು ತಳ್ಳಿಹಾಕಿತು. ಮರುತಿಂಗಳೇ ಒಡವೆಗಳ ಜೊತೆ 1,526 ಎಕರೆಯ ಕಾಗದಪತ್ರ ತಮಿಳುನಾಡು ಸರ್ಕಾರದ ಕೈ ಸೇರಿತು. ಗಮನಿಸಿ: ಇಂಥ ಜಮೀನು ಹೋಗುವುದು ಸರ್ಕಾರಕ್ಕೆ, ಹಿಂದೆ ಅದನ್ನು ಮಾರಿದ ರೈತನಿಗೆ ಅಲ್ಲ.

ಅದು ದೊಡ್ಡವರ ಕಥೆ. ನಮ್ಮ ಬಾಗಿಲಿಗೆ ಬರುವುದು ಗಾಡಿಯ ಕೇಸು. 1985ರ ಮಾದಕ ವಸ್ತು ಕಾಯ್ದೆಯ 60ನೇ ಕಲಮು ಓದಿಸಿ ಕೇಳಿ. ಗಾಂಜಾ ಸಾಗಿಸಿದ ವಾಹನ ಮಾತ್ರವಲ್ಲ, ಪ್ರಾಣಿಯೂ ಮುಟ್ಟುಗೋಲಿಗೆ ಒಳಪಡುತ್ತದೆ. ಅಂದರೆ ಗಾಡಿಯೂ ಹೋಯಿತು, ಎತ್ತೂ ಹೋಯಿತು. ಉಳಿಸಿಕೊಳ್ಳಬೇಕಾದರೆ ಒಡೆಯನೇ ರುಜುವಾತು ಕೊಡಬೇಕು: ನನಗೆ ಗೊತ್ತಿರಲಿಲ್ಲ, ಓಡಿಸಿದವನಿಗೂ ಗೊತ್ತಿರಲಿಲ್ಲ, ಇಬ್ಬರೂ ತಕ್ಕ ಎಚ್ಚರಿಕೆ ವಹಿಸಿದ್ದೆವು ಅಂತ. ಬಾಡಿಗೆಗೆ ಕೊಟ್ಟ ಟ್ರ್ಯಾಕ್ಟರಿನಲ್ಲಿ ಡ್ರೈವರ್ ಏನು ತುಂಬಿದ ಅಂತ ಮನೆಯಲ್ಲಿ ಮಲಗಿದ ಮುದುಕ ಹೇಗೆ ರುಜುವಾತು ಮಾಡಬೇಕು? ಆರೋಪಿ ಬಿಡುಗಡೆಯಾದರೂ ವಸ್ತುವಿನ ಪ್ರಶ್ನೆಯನ್ನು ಕೋರ್ಟು ಬೇರೆಯಾಗಿಯೇ ತೀರ್ಮಾನಿಸಬಹುದು. ಕಳ್ಳನನ್ನು ಹಿಡಿಯಬೇಡಿ ಅಂತ ನಾನು ಹೇಳುತ್ತಿಲ್ಲ. ಒಡೆಯ ಶಾಮೀಲು ಅಂತ ತೋರಿಸುವ ಹೊಣೆ ಸರ್ಕಾರದ್ದಾಗಬೇಕು ಅನ್ನುತ್ತೇನೆ.

ಇನ್ನು ಸಾಲ. ಟ್ರ್ಯಾಕ್ಟರ್ ಸರ್ಕಾರದ ಪಾಲಾಯಿತು ಅಂತ ಬ್ಯಾಂಕು ಕಂತು ಬಿಡುವುದಿಲ್ಲ. ಸಾಲ ನಿಮ್ಮ ತಲೆಯ ಮೇಲೆ, ಜಾಮೀನು ಹಾಕಿದವನ ತಲೆಯ ಮೇಲೂ ಹಾಗೇ ಇರುತ್ತದೆ. ಜಮೀನು ಆಧಾರ ಕೊಟ್ಟಿದ್ದರೆ ಬ್ಯಾಂಕು ಅದಕ್ಕೆ ಬರುತ್ತದೆ. ತಪ್ಪೇ ಮಾಡದ ಹೊಲಕ್ಕೆ ಹೀಗೆ ಹಿಂಬಾಗಿಲಿನಿಂದ ಕುತ್ತು.

ಆದ್ದರಿಂದ ನೋಟೀಸು ಬಂದರೆ ಜಂತಿಗೆ ಸಿಕ್ಕಿಸಿ ಕೂರಬೇಡಿ. ಹಕ್ಕು ಹೇಳುವವರ ಮಾತು ಕೇಳದೆ ಆದೇಶ ಮಾಡಬಾರದು ಅಂತ ಅದೇ ಕಾಯ್ದೆಯಲ್ಲಿದೆ. ಆದರೆ ಹೋಗಿ ಹೇಳಬೇಕಾದವರು ನೀವು. ಆರ್.ಸಿ. ಪುಸ್ತಕ, ಸಾಲದ ಪತ್ರ, ಬಾಡಿಗೆಯ ಚೀಟಿ ಹಿಡಿದು ವಕೀಲರ ಹತ್ತಿರ ಹೋಗಿ. ಆಸ್ತಿಯಲ್ಲಿ ಅಣ್ಣತಮ್ಮಂದಿರ ಪಾಲಿದ್ದರೆ ಅವರೂ ತಮ್ಮ ಹೆಸರಿನಲ್ಲೇ ಅರ್ಜಿ ಹಾಕಲಿ. ಕೇಸು ಮುಗಿಯುವ ತನಕ ಗಾಡಿ ಠಾಣೆಯಂಗಳದಲ್ಲಿ ತುಕ್ಕು ಹಿಡಿಯಲೇಬೇಕು ಅಂತೇನಿಲ್ಲ. ಮಾದಕ ವಸ್ತು ಕೇಸಿನಲ್ಲೂ ವಾಹನವನ್ನು ಮಧ್ಯಂತರವಾಗಿ ಬಿಡಬಹುದು ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆ ಅರ್ಜಿಯನ್ನು ಮೊದಲ ವಾರವೇ ಹಾಕಿಸಿ.