ಮಾಟಗಾತಿಯ ಮನೆ ಎಲ್ಲಿದೆ?

ಮಾಟಗಾತಿ ಎಂದೊಡನೆ ನಮ್ಮ ಕಣ್ಣೆದುರಿಗೆ ನಿಲ್ಲುವ ಚಿತ್ರ ಯಾವುದು? ಕೆದರಿದ ಕೂದಲು, ಕೆಂಡದಂಥ ಕಣ್ಣು, ಅಮಾವಾಸ್ಯೆಯ ನಡುರಾತ್ರಿ, ಸ್ಮಶಾನದ ಬೂದಿ. ಅಜ್ಜಿ ಹೇಳುವ ಕಥೆಯಲ್ಲಿ ಆಕೆಯ ವಾಸ ಊರಾಚೆಯ ಕಾಡಿನಂಚಿನಲ್ಲಿ. ಕಥೆ ಮುಗಿದೊಡನೆ ಅಲ್ಲಿಗೇ ಹೊರಟುಹೋಗುತ್ತಾಳೆ. ಮಕ್ಕಳು ನಿಶ್ಚಿಂತೆಯಿಂದ ನಿದ್ರಿಸುತ್ತಾರೆ. ಆದರೆ ಆಧುನಿಕ ರಹಸ್ಯ ಕಾದಂಬರಿಯ ಮಾಟಗಾತಿ ನೆರೆಮನೆಯಲ್ಲಿಯೇ ಇದ್ದಾಳೆ. ಬಂದವರನ್ನು ಆದರಿಸಿ ಚಹ ಕೊಡುತ್ತಾಳೆ. ಇಂಥವಳನ್ನು ನಂಬುವಂತೆ ಚಿತ್ರಿಸುವುದು ಸುಲಭದ ಮಾತಲ್ಲ.

ಅಮೆರಿಕದ ಫ್ರಿಟ್ಜ್ ಲೈಬರ್ ಇದಕ್ಕೊಂದು ದಾರಿ ತೋರಿಸಿದರು. 1943ರಲ್ಲಿ ಪತ್ರಿಕೆಯೊಂದರಲ್ಲಿ ಬೆಳಕು ಕಂಡ ಅವರ ‘ಕಾಂಜರ್ ವೈಫ್’ ಕಾದಂಬರಿಯ ನಾಯಕ ಮೂಢನಂಬಿಕೆಗಳನ್ನು ಅಭ್ಯಸಿಸುವ ಪ್ರಾಧ್ಯಾಪಕ. ತನ್ನ ಪತ್ನಿಯೇ ಗುಟ್ಟಾಗಿ ರಕ್ಷೆ, ಯಂತ್ರಗಳಿಂದ ತನ್ನನ್ನು ಕಾಪಾಡುತ್ತಿರುವಳೆಂದು ಅವನಿಗೆ ಒಂದು ದಿನ ತಿಳಿಯುತ್ತದೆ. ವಿಚಾರವಂತನಾದ ಆತ ಅವನ್ನೆಲ್ಲ ನಾಶಮಾಡಿಸುತ್ತಾನೆ. ಅಂದಿನಿಂದ ಅವನಿಗೆ ಸಾಲುಸಾಲಾಗಿ ವಿಪತ್ತು: ವಿದ್ಯಾರ್ಥಿಯ ಬೆದರಿಕೆ, ಸುಳ್ಳು ಆಪಾದನೆ, ಕೈತಪ್ಪಿದ ಪದವಿ. ಮಾಟ ಬಲ್ಲ ಸಹೋದ್ಯೋಗಿಗಳ ಪತ್ನಿಯರೇ ಇದಕ್ಕೆಲ್ಲ ಕಾರಣ. ಕಾಲೇಜಿನಲ್ಲಿ ಬಡ್ತಿಯ ಪಟ್ಟಿಯನ್ನು ಒಮ್ಮೆಯಾದರೂ ಕಾದು ಕುಳಿತವರಿಗೆ ಈ ಕಥೆ ತೀರ ಅಸಂಭವವೆಂದು ತೋರಲಾರದು! ಲೈಬರ್ ಮಾಟವನ್ನು ನಿಜವೆಂದೇ ಇಟ್ಟುಕೊಂಡರು. ಆದರೆ ಅದನ್ನು ಬೆಳೆಸಿದ್ದು ಮನುಷ್ಯರ ಅಸೂಯೆಯ ಮಣ್ಣಿನಲ್ಲಿ.

ಅಗಾಥಾ ಕ್ರಿಸ್ಟಿಯವರು ಹಿಡಿದ ದಾರಿ ಬೇರೆ. ಇಂಗ್ಲೆಂಡಿನಲ್ಲಿ 1735ರ ಮಾಟದ ಕಾಯಿದೆ 1951ರಲ್ಲಿ ರದ್ದಾಯಿತು. 1954ರಲ್ಲಿ ಜೆರಾಲ್ಡ್ ಗಾರ್ಡ್ನರ್ ಎಂಬವರು ಆ ವಿದ್ಯೆ ಇನ್ನೂ ಜೀವಂತವಾಗಿದೆಯೆಂದು ಸಾರಿ ಪುಸ್ತಕವನ್ನೇ ಬರೆದರು. ಮಾಟಗಾತಿಯೆಂಬ ಹೆಸರನ್ನು ತಾವಾಗಿಯೇ ಧರಿಸುವ ವಿದ್ಯಾವಂತರು ಕಾಣಿಸಿಕೊಂಡ ಕಾಲ ಅದು. 1961ರಲ್ಲಿ ಹೊರಬಂದ ‘ದಿ ಪೇಲ್ ಹಾರ್ಸ್’ ಈ ಗಾಳಿಯಲ್ಲಿ ಹುಟ್ಟಿದ ಕಾದಂಬರಿ.

ಅದರ ಆರಂಭದಲ್ಲಿ ‘ಮ್ಯಾಕ್‌ಬೆತ್’ ನಾಟಕ ನೋಡಿ ಬಂದ ಗೆಳೆಯರ ನಡುವೆ ಒಂದು ಚರ್ಚೆ ನಡೆಯುತ್ತದೆ. ಆ ನಾಟಕದ ಮಾಟಗಾತಿಯರನ್ನು ಹಳ್ಳಿಯ ಸಾಧಾರಣ ಮುದುಕಿಯರಂತೆ ರಂಗಕ್ಕೆ ತಂದರೇನೇ ನಿಜವಾದ ಭಯವೆಂದು ಒಬ್ಬ ವಾದಿಸುತ್ತಾನೆ. ಮುಂದೆ ಬರುವ ಮೂವರು ಸ್ತ್ರೀಯರು ಈ ಮಾತಿಗೆ ನಿದರ್ಶನ. ಹಳೆಯ ಛತ್ರವೊಂದನ್ನು ಮನೆ ಮಾಡಿಕೊಂಡಿರುವ ಅವರಲ್ಲಿ ಒಬ್ಬಾಕೆ ಮನಶ್ಶಾಸ್ತ್ರದ ಭಾಷೆಯಲ್ಲಿ ಮಾಟವನ್ನು ವಿವರಿಸುವ ಬಹುಶ್ರುತೆ, ಇನ್ನೊಬ್ಬಾಕೆ ಮೈಮೇಲೆ ಆವೇಶ ಬರಿಸಿಕೊಳ್ಳುವವಳು, ಮೂರನೆಯವಳು ಅಡುಗೆಯಾಕೆ. ಯಾರಾದರೂ ಸಾಯಬೇಕೆಂದು ಬಯಸುವವನು ಮೊದಲು ಬರ್ಮಿಂಗ್‌ಹ್ಯಾಮಿನ ಒಬ್ಬ ಮಾಜಿ ವಕೀಲನ ಬಳಿ ಹೋಗಿ ಪಂದ್ಯ ಕಟ್ಟಬೇಕು: ಇಂಥ ದಿನದವರೆಗೆ ಇಂಥವರು ಬದುಕಿರುತ್ತಾರೆ ಎಂದು. ಪಂದ್ಯದಲ್ಲಿ ಸೋತರೆ ಬಯಕೆ ಈಡೇರಿತು! ಕಾನೂನಿನ ಕೈಗೆ ಸಿಕ್ಕದ ಎಂಥ ಜಾಣತನ!

ಕೊನೆಗೆ ಬಯಲಾಗುವುದೇನು? ಕೊಂದದ್ದು ಮಂತ್ರವಲ್ಲ, ನಿತ್ಯ ಬಳಸುವ ವಸ್ತುಗಳಲ್ಲಿ ಬೆರೆತ ಥ್ಯಾಲಿಯಮ್ ಎಂಬ ವಿಷ. ಅದನ್ನು ಬೆರೆಸಿದವರಾರೆಂದು ಹೇಳಿ ಮುಂದೆ ಓದುವವರ ಸುಖವನ್ನು ಕೆಡಿಸಲಾರೆ. ಮಾಟ ಇಲ್ಲಿ ತೆರೆ ಮಾತ್ರ. ತೆರೆಯ ಹಿಂದೆ ಆಸ್ತಿಯ ಆಸೆ, ದುಡ್ಡಿನ ಲೆಕ್ಕ. ಮೊದಲನೆಯ ಮಹಾಯುದ್ಧದಲ್ಲಿ ಆಸ್ಪತ್ರೆಯ ಔಷಧಾಲಯದಲ್ಲಿ ದುಡಿದಿದ್ದ ಕ್ರಿಸ್ಟಿಯವರು ವಿಷದ ಲಕ್ಷಣಗಳನ್ನು ಎಷ್ಟು ನಿಷ್ಠೆಯಿಂದ ಬರೆದರೆಂದರೆ, ಅವರು ತೀರಿಕೊಂಡ ಮರುವರ್ಷ, 1977ರಲ್ಲಿ, ಅದು ಒಂದು ಜೀವವನ್ನೇ ಉಳಿಸಿತು. ಕತಾರಿನಿಂದ ಲಂಡನ್ನಿನ ಆಸ್ಪತ್ರೆಗೆ ತಂದಿದ್ದ 19 ತಿಂಗಳ ಹಸುಳೆಯ ರೋಗ ವೈದ್ಯರಿಗೆ ತಿಳಿಯದಾಗಿತ್ತು. ಮಗುವಿನ ಕೂದಲು ಉದುರುವುದನ್ನು ಕಂಡು, ಆಗ ಇದೇ ಕಾದಂಬರಿಯನ್ನು ಓದುತ್ತಿದ್ದ ದಾದಿಯೊಬ್ಬಳು ಥ್ಯಾಲಿಯಮ್ಮಿನ ಸಂಶಯವನ್ನು ಸೂಚಿಸಿದಳು. ಪರೀಕ್ಷೆಯಲ್ಲಿ ಅದೇ ನಿಜವಾಯಿತು, ಮಗು ಬದುಕಿತು.

ವಾಸ್ತವ ಚಿತ್ರಣದ ಬೆಲೆ ಇದು. ನಮ್ಮ ದೇಶದಲ್ಲಿ ಅದರ ಹೊಣೆ ಇನ್ನೂ ಹೆಚ್ಚು. ಮಾಟಗಾತಿಯೆಂಬ ಹೆಸರು ಇಲ್ಲಿ ಹೆಂಗಸರ ಪ್ರಾಣವನ್ನೇ ತೆಗೆದಿದೆ. ಅದನ್ನು ತಡೆಯಲೆಂದು ಬಿಹಾರವು 1999ರಲ್ಲಿ, ಅಸ್ಸಾಂ 2015ರಲ್ಲಿ ಶಾಸನ ಮಾಡಬೇಕಾಯಿತು. ಕರ್ನಾಟಕದಲ್ಲಿಯೂ ವಾಮಾಚಾರದ ವಿರುದ್ಧ 2017ರ ಕಾಯಿದೆ ಇದೆ. ಇಂಥ ನಾಡಿನಲ್ಲಿ ಒಂಟಿ ವಿಧವೆಯೊಬ್ಬಳನ್ನು ಮಾಟಗಾತಿಯಾಗಿ ಮಾಡಿ ವಾಚಕರನ್ನು ನಡುಗಿಸುವುದು ಲೇಖಕನಿಗೆ ಸುಲಭ. ಆಕೆಗೆ ಆ ಹೆಸರಿಟ್ಟವರು ಯಾರು, ಆಕೆಯ ಹೊಲಗದ್ದೆ ಈಗ ಯಾರ ವಶದಲ್ಲಿದೆ ಎಂದು ಕೇಳುವುದು ಕಷ್ಟ. ನಮ್ಮ ಪತ್ತೇದಾರರು ಆ ಕಷ್ಟದ ಪ್ರಶ್ನೆಯಿಂದಲೇ ತನಿಖೆ ಆರಂಭಿಸಲಿ. ಕುತೂಹಲಕ್ಕೇನೂ ಕೊರತೆಯಾಗದು.